ಕ್ಷಮೆ ಕೇಳಿಸಿದ್ದು ಸಾಕು, ಹುದ್ದೆ ಕೊಡಿ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಮಾನ್ಯ ಐಟಿ-ಬಿಟಿ ಸಚಿವರು,
ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಭಾಷಾವಿಜ್ಞಾನ ಮತ್ತು ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್ (ಕಂಪ್ಯೂಟರಿಗೆ ಭಾಷೆ ಕಲಿಸುವ ವಿದ್ಯೆ) ಓದಿದವರಿಗೆ ಕಾಯಂ ಹುದ್ದೆಗಳನ್ನು ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಮೂರು ಇಲಾಖೆಗೆ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ನಾನು ಹೇಳಹೊರಟಿರುವ ಕೆಲಸ ನಿಮ್ಮ ಮೂವರಿಗೂ ಸೇರಿದ್ದು. ಮೂವರಿಗೂ ಸೇರಿದ್ದು ಅನ್ನುವ ಕಾರಣಕ್ಕೇ ಅದು ಯಾರದ್ದೂ ಆಗದೆ ಉಳಿದಿದೆ. ಅದೇ ನನ್ನ ದೂರು.

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿಯವರು ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಪ್ರಕಟವಾಯಿತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ಅದನ್ನು ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿತು. ತಿರುಗಿಸಿದ್ದನ್ನು ಓದಿದರೆ ತೀರಿಕೊಂಡವರು ಮುಖ್ಯಮಂತ್ರಿಗಳೇ ಅನ್ನುವ ಹಾಗಿತ್ತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು. ಅನುವಾದ ನಂಬುವಂತಾಗುವ ತನಕ ಕನ್ನಡಕ್ಕೆ ಈ ಸೌಲಭ್ಯ ನಿಲ್ಲಿಸಿ, ಕನ್ನಡ ಬಲ್ಲ ಭಾಷಾ ಪರಿಣತರ ಜೊತೆ ಸೇರಿ ಇದನ್ನು ಸರಿಮಾಡಿ ಅಂತ ಕೇಳಿದರು. ಮೆಟಾ ಕ್ಷಮೆ ಕೇಳಿತು. ಸರಿಪಡಿಸಿದ್ದೇವೆ ಅಂತಲೂ ಹೇಳಿತು.

ಆ ಪತ್ರದಲ್ಲಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನನ್ನು ಕಾಡಿದ್ದು ಬೇರೆ. ಭಾಷಾ ಪರಿಣತರನ್ನು ಸೇರಿಸಿಕೊಳ್ಳಿ ಅಂತ ಕಂಪನಿಗೆ ಹೇಳುವ ಸರ್ಕಾರ, ತಾನು ಅಂಥವರನ್ನು ಎಲ್ಲಿ ಸೇರಿಸಿಕೊಂಡಿದೆ? ಕೆಪಿಎಸ್‌ಸಿ, ಕೆಇಎ ಪ್ರಕಟಣೆಗಳನ್ನು ಬಿಡದೆ ನೋಡುವವಳು ನಾನು. ಕೆಲಸ ಹುಡುಕುವವರಿಗೆ ಅದು ದಿನಚರಿ. ‘ಭಾಷಾವಿಜ್ಞಾನ ಸ್ನಾತಕೋತ್ತರ ಪದವಿ’ ಅಂತ ವಿದ್ಯಾರ್ಹತೆ ಕೇಳಿದ ಭಾಷಾ ತಂತ್ರಜ್ಞಾನದ ಹುದ್ದೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಆ ತಪ್ಪು ಹೇಗಾಗಿರಬೇಕು ಅಂತ ಸ್ವಲ್ಪ ನೋಡೋಣ. ‘ಅವರು ನಿನ್ನೆ ತೀರಿಕೊಂಡ ನಟಿಯ ದರ್ಶನ ಪಡೆದರು’ ಅನ್ನುವ ಥರದ ವಾಕ್ಯ ತೆಗೆದುಕೊಳ್ಳಿ. ಕನ್ನಡದಲ್ಲಿ ‘ತೀರಿಕೊಂಡ’ ಅನ್ನುವ ಕೃದಂತ, ಅಂದರೆ ಕ್ರಿಯಾಪದದಿಂದ ಹುಟ್ಟಿದ ಪದ, ತನ್ನ ಮುಂದಿರುವ ನಾಮಪದಕ್ಕೆ ಸೇರುತ್ತದೆ, ಹಿಂದೆ ಬಂದಿರುವ ‘ಅವರು’ಗೆ ಅಲ್ಲ. ಎಂಟನೇ ಕ್ಲಾಸಿನ ಹುಡುಗನಿಗೂ ಇದರಲ್ಲಿ ಗೊಂದಲ ಆಗುವುದಿಲ್ಲ. ಯಂತ್ರಕ್ಕೆ ಆಗುತ್ತದೆ. ಇಂಗ್ಲಿಷಿನಲ್ಲಿ ಕರ್ತೃ ಆದ ಕೂಡಲೇ ಕ್ರಿಯಾಪದ ಬರುವುದು ವಾಡಿಕೆ. ಹಾಗಾಗಿ ಮೊದಲು ಕಂಡ ವ್ಯಕ್ತಿಯನ್ನೂ ಮೊದಲು ಕಂಡ ಕ್ರಿಯೆಯನ್ನೂ ಅದು ಗಂಟುಹಾಕಿಬಿಡುತ್ತದೆ. ಹೊರಬಂದ ಇಂಗ್ಲಿಷ್ ವಾಕ್ಯದಲ್ಲಿ ಪದಗಳು ಇದ್ದ ಕ್ರಮ ನೋಡಿದರೆ ಇದೇ ನಡೆದಂತೆ ಕಾಣುತ್ತದೆ.

ಇದನ್ನು ಮೊದಲೇ ಹಿಡಿಯಬಹುದಿತ್ತು. ಇಂಥ ಕೃದಂತಗಳಿರುವ ಕೆಲವು ನೂರು ವಾಕ್ಯ ಬರೆದು, ಅನುವಾದ ಬಿಡುಗಡೆ ಮಾಡುವ ಮುಂಚೆ ಯಂತ್ರಕ್ಕೆ ಪರೀಕ್ಷೆ ಕೊಟ್ಟಿದ್ದರೆ ಸಾಕಿತ್ತು. ಕನ್ನಡ ಎಲ್ಲೆಲ್ಲಿ ಇಂಗ್ಲಿಷಿಗಿಂತ ಬೇರೆ ದಾರಿ ಹಿಡಿಯುತ್ತದೆ ಅಂತ ಪಟ್ಟಿ ಮಾಡಿ, ಅಲ್ಲಲ್ಲೇ ಯಂತ್ರವನ್ನು ಎಡವಿಸಿ ನೋಡುವುದು ಒಂದು ಕೆಲಸ. ದುಡ್ಡು ಕೊಟ್ಟು ಮಾಡಿಸುವ ಕೆಲಸ. ಅದನ್ನು ಮಾಡುವವರಿಗೆ ಲಿಂಗ್ವಿಸ್ಟ್ ಅಂತಾರೆ.

2021ರ ಜೂನ್ ನಿಮಗೆ ನೆನಪಿರಬೇಕು. ಗೂಗಲ್‌ನಲ್ಲಿ ಭಾರತದ ಕೆಟ್ಟ ಭಾಷೆ ಯಾವುದು ಅಂತ ಹುಡುಕಿದರೆ ಕನ್ನಡದ ಹೆಸರು ಬರುತ್ತಿತ್ತು. ನೋಟಿಸ್ ಕೊಡುತ್ತೇವೆ ಅಂತ ಆಗಿನ ಸರ್ಕಾರ ಹೇಳಿತು. ಗೂಗಲ್ ಕ್ಷಮೆ ಕೇಳಿತು. ನಾಲ್ಕು ವರ್ಷದ ಅಂತರದಲ್ಲಿ ಪ್ರಪಂಚದ ಎರಡು ದೊಡ್ಡ ಕಂಪನಿಗಳಿಂದ ಕ್ಷಮೆ ಕೇಳಿಸಿಕೊಂಡ ಭಾಷೆ ನಮ್ಮದು. ಹೆಮ್ಮೆ ಪಡಬೇಕೋ ಏನೋ ಗೊತ್ತಾಗುತ್ತಿಲ್ಲ. ಎರಡೂ ಸಲ ನಮಗೆ ಸಿಟ್ಟು ಬಂತು. ಪತ್ರ ಹೋಯಿತು, ಸುದ್ದಿವಾಹಿನಿಯಲ್ಲಿ ಚರ್ಚೆ ಆಯಿತು. ಹುದ್ದೆ ಮಾತ್ರ ಹುಟ್ಟಲಿಲ್ಲ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಈ ಓದಿಗೆ ಕೆಲಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೆಲಸ ಇದೆ. ಬೆಂಗಳೂರಿನಲ್ಲೇ ಇದೆ. ಭಾಷಾ ಯಂತ್ರಗಳನ್ನು ಮಾಡುವ ‘ಸರ್ವಂ’ ಕಂಪನಿ, ಮಾತಿನ ದತ್ತಾಂಶ ಕೂಡಿಸುವ ‘ಕಾರ್ಯ’ ಅನ್ನುವ ಸಂಸ್ಥೆ, ಎರಡೂ ಇಲ್ಲಿಯವೇ. ಮೈಕ್ರೋಸಾಫ್ಟ್ ರಿಸರ್ಚ್ 2005ರಿಂದ ಇಲ್ಲಿದೆ. ಐಐಎಸ್ಸಿ ಮತ್ತು ಗೂಗಲ್ ಸೇರಿ ‘ವಾಣಿ’ ಅನ್ನುವ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ದಾಖಲಿಸುತ್ತಿವೆ. ಭಾರತದ ಭಾಷೆಗಳ ನಡುವೆ ಯಂತ್ರದಿಂದ ಅನುವಾದ ಮಾಡಿಸುವ ‘ಭಾಷಿಣಿ’ಯನ್ನು ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿತು. 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕ ಇಂಡಿಯಾ ಎಐ ಮಿಷನ್‌ನ ಮೊತ್ತ 10,000 ಕೋಟಿ ರೂಪಾಯಿಗೂ ಜಾಸ್ತಿ. ಇಷ್ಟೆಲ್ಲ ದುಡ್ಡು ಹರಿಯುವಾಗ ಕನ್ನಡ ಬಲ್ಲವರಿಗೆ ಕರೆ ಬರದೆ ಇರುತ್ತದಾ? ಬರುತ್ತದೆ. ಹೇಗೆ ಬರುತ್ತದೆ ಅನ್ನುವುದೇ ತೊಂದರೆ.

ಕಂಪನಿಗಳ ಕಡೆಯಿಂದ ಬರುವ ಕರೆ ಹೀಗಿರುತ್ತದೆ. ಹುದ್ದೆಯ ಹೆಸರು ಲ್ಯಾಂಗ್ವೇಜ್ ಎಂಜಿನಿಯರ್, ಡೇಟಾ ಅನೋಟೇಟರ್, ಲ್ಯಾಂಗ್ವೇಜ್ ಸ್ಪೆಷಲಿಸ್ಟ್, ಹೀಗೆ ಏನಾದರೂ. ಕೆಲಸ ಕನ್ನಡದ್ದು, ಜಾಹೀರಾತು ಪೂರ್ತಿ ಇಂಗ್ಲಿಷಿನದ್ದು. ಕನ್ನಡ ಎಂಎ ಮಾಡಿದ ಹಾವೇರಿಯ ಹುಡುಗಿಯೊಬ್ಬಳು ಅದನ್ನು ನೋಡಿದರೂ ಇದು ತನಗೆ ಸಂಬಂಧಪಟ್ಟದ್ದು ಅಂತ ಅವಳಿಗೆ ಹೊಳೆಯುವುದೇ ಇಲ್ಲ. ಆಯ್ಕೆ ಆದರೂ ಸಂಬಳ ಕೊಡುವುದು ಎಷ್ಟೋ ಸಲ ಆ ದೊಡ್ಡ ಕಂಪನಿ ಅಲ್ಲ, ನಡುವಿನ ಏಜೆನ್ಸಿ. ಗುತ್ತಿಗೆ ಆರು ತಿಂಗಳು, ಜಾಸ್ತಿ ಅಂದ್ರೆ ಹನ್ನೊಂದು. ವಾಕ್ಯಕ್ಕೆ ಇಷ್ಟು, ಗಂಟೆಗೆ ಇಷ್ಟು ಅಂತ ಲೆಕ್ಕ. ಎಲ್ಲರೂ ಹೀಗೇ ಅಲ್ಲ. ಮೇಲೆ ಹೇಳಿದ ‘ಕಾರ್ಯ’ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ಓದಿಸಿ ದಾಖಲಿಸಿಕೊಂಡಾಗ ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೊಟ್ಟದ್ದು ಸುದ್ದಿಯಾಗಿತ್ತು. ಸರಿಯಾಗಿ ಕೊಡಬೇಕು ಅಂತ ಮನಸ್ಸಿದ್ದರೆ ಕೊಡಲು ಆಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ಸರ್ಕಾರಿ ದುಡ್ಡಿನ ಯೋಜನೆಗಳ ಕರೆ ಇನ್ನೊಂದು ರೀತಿ. ವಾಕ್-ಇನ್ ಇಂಟರ್‌ವ್ಯೂ. ಮೂಲ ಅಂಕಪಟ್ಟಿ, ಎರಡು ಫೋಟೋ, ಪ್ರಯಾಣ ಭತ್ಯೆ ಇಲ್ಲ. ಹುದ್ದೆ ಪ್ರಾಜೆಕ್ಟ್ ಅಸಿಸ್ಟೆಂಟ್ ಅಥವಾ ರಿಸೋರ್ಸ್ ಪರ್ಸನ್. ಸಂಬಳ ಒಟ್ಟುಗೂಡಿಸಿದ್ದು, ಪಿಎಫ್ ಗಿಎಫ್ ಕೇಳಬೇಡಿ. ಪ್ರಾಜೆಕ್ಟ್ ಮುಗಿದ ದಿನ ನೀವೂ ಮುಗಿದಿರಿ.

ನಾನು ಅಂಥ ಒಂದು ಯೋಜನೆಯಲ್ಲಿ ಇದ್ದೆ. ಸಂಸ್ಥೆಯ ಹೆಸರು ಬೇಡ, ಇದು ಒಂದೇ ಸಂಸ್ಥೆಯ ಕಥೆಯೂ ಅಲ್ಲ. ಕನ್ನಡ ವಾಕ್ಯಗಳಲ್ಲಿ ಒಂದೊಂದು ಪದಕ್ಕೂ ಇದು ನಾಮಪದ, ಇದು ಕ್ರಿಯಾಪದ, ಇದು ಅವ್ಯಯ ಅಂತ ಗುರುತು ಹಚ್ಚುವುದು ನಮ್ಮ ಕೆಲಸ. ಸುಲಭ ಅನ್ನಿಸುತ್ತದೆ ಅಲ್ವಾ? ‘ಅವನು ನಾಳೆ ಬರುವವನಿದ್ದಾನೆ’ ಅನ್ನುವುದಕ್ಕೆ ಗುರುತು ಹಚ್ಚಿ ನೋಡಿ. ‘ಬರುವವನಿದ್ದಾನೆ’ ಒಂದು ಪದವೋ ಎರಡೋ? ‘ಬರುವವನು’ ನಾಮಪದವೋ, ಇನ್ನೂ ಕ್ರಿಯೆಯ ಕಡೆಗೇ ವಾಲಿದೆಯೋ? ‘ಬರಲಿಲ್ಲವಂತೆ’ ಅಂದಾಗ ಕೊನೆಯ ‘ಅಂತೆ’ಯನ್ನು ಬಿಡಿಸಿ ಇಡಬೇಕೋ ಬೇಡವೋ? ‘ಫೋನ್ ಮಾಡಿದೆ’ಯಲ್ಲಿ ‘ಫೋನ್’ ಕರ್ಮವೋ ಕ್ರಿಯಾಪದದ ಒಂದು ಭಾಗವೋ? ಒಂದು ಮಧ್ಯಾಹ್ನ ಪೂರ್ತಿ ಇಂಥದ್ದೊಂದರ ಮೇಲೆ ವಾದ ನಡೆಯುತ್ತಿತ್ತು. ಹೊರಗಿನವರಿಗೆ ಇದು ಕೂದಲು ಸೀಳುವ ಕೆಲಸ. ಆದರೆ ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಗುರುತು ಹಚ್ಚಿದರೆ ಯಂತ್ರ ಎರಡನ್ನೂ ಕಲಿತು ಕೆಟ್ಟುಹೋಗುತ್ತದೆ. ಹಾಗಾಗಿ ವಾದ ಮುಗಿದ ಮೇಲೆ ತೀರ್ಮಾನವನ್ನು ಬರೆದಿಡುತ್ತಿದ್ದೆವು. ಆ ತೀರ್ಮಾನಗಳ ಕಡತವೇ ಯೋಜನೆಯ ನಿಜವಾದ ಆಸ್ತಿ. ಗುರುತು ಹಚ್ಚಿದ ವಾಕ್ಯಗಳಿಗಿಂತ ಅದಕ್ಕೇ ಬೆಲೆ ಜಾಸ್ತಿ.

ಅನುದಾನದ ಅವಧಿ ಮುಗಿಯಿತು, ನಾವೆಲ್ಲ ಚದುರಿದೆವು. ಒಬ್ಬರು ಬ್ಯಾಂಕ್ ಪರೀಕ್ಷೆಗೆ ಕೂತರು, ಒಬ್ಬರು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾದರು. ಕಡತ ಯಾರದ್ದೋ ಲ್ಯಾಪ್‌ಟಾಪಿನಲ್ಲಿ ಉಳಿಯಿತು. ಮುಂದೆ ಇನ್ನೊಂದು ಯೋಜನೆ ಬಂದಾಗ ಹೊಸಬರು ಬಂದು ‘ಬರುವವನಿದ್ದಾನೆ’ಯಿಂದಲೇ ವಾದ ಶುರು ಮಾಡಿದರು.

ಗುತ್ತಿಗೆಯ ನಿಜವಾದ ನಷ್ಟ ಇದು. ನಮ್ಮ ಸಂಬಳದ್ದು ನಮ್ಮ ಕಷ್ಟ, ಅದನ್ನು ಬಿಡಿ. ಕನ್ನಡದ ಬಗ್ಗೆ ಕೂಡಿಟ್ಟ ತಿಳಿವಳಿಕೆ ಪ್ರತಿ ಯೋಜನೆಯ ಕೊನೆಗೂ ಸೋರಿಹೋಗುತ್ತದೆ. ದುಡ್ಡು ಖರ್ಚಾಗಿರುತ್ತದೆ, ವರದಿ ಸಲ್ಲಿಕೆಯಾಗಿರುತ್ತದೆ.

ನಮ್ಮ ಹಿಂದಿನವರು ಹೀಗೆ ಮಾಡಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಲ್ಲಿ ಮುಗಿದದ್ದು 1995ರಲ್ಲಿ. ಅದರ ಹಿಂದೆ ದಶಕಗಳ ದುಡಿಮೆ ಇದೆ. ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರು ಅದಕ್ಕೆ ಅಂಟಿಕೊಂಡು ಕೂತಿದ್ದರು. ಉಡುಪಿಯ ತುಳು ನಿಘಂಟಿನದ್ದೂ ಅದೇ ಕಥೆ. ಯು.ಪಿ. ಉಪಾಧ್ಯಾಯರು ಆಫ್ರಿಕಾದ ಸೆನೆಗಲ್‌ನಲ್ಲಿ ಭಾಷಾವಿಜ್ಞಾನದ ಕೆಲಸ ಮಾಡಿ ಬಂದವರು. ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತಂಡ ಕಟ್ಟಿ 6 ಸಂಪುಟ ಹೊರತಂದರು. ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ, ಪ್ರತಿ ವರ್ಷ ಹೊಸ ತಂಡದ ಕೈಯಲ್ಲಿ ಆ ಕೆಲಸ ಮಾಡಿಸಿದ್ದರೆ ನಾವು ಇವತ್ತಿಗೂ ‘ಅ’ ಅಕ್ಷರದಲ್ಲೇ ಇರುತ್ತಿದ್ದೆವು. ಇವತ್ತು ಕಂಪ್ಯೂಟರಿಗೆ ಕನ್ನಡ ಕಲಿಸುವುದು ನಿಘಂಟು ಕಟ್ಟುವಷ್ಟೇ ದೊಡ್ಡ ಕೆಲಸ. ಭಾಷೆ ಬದಲಾಗುತ್ತಲೇ ಇರುವುದರಿಂದ ಅದು ಮುಗಿಯುವುದೂ ಇಲ್ಲ.

ಈ ಕೆಲಸದಿಂದ ಸರ್ಕಾರಕ್ಕೆ ಏನು ಲಾಭ ಅಂತ ನಿಮ್ಮ ಹಣಕಾಸು ಇಲಾಖೆಯವರು ಕೇಳಬಹುದು. ಕೇಳಲೇಬೇಕು. ಅವರನ್ನು ಯಾವುದಾದರೂ ನಾಡಕಚೇರಿಯ ಸರದಿಯಲ್ಲಿ ಒಂದು ಬೆಳಿಗ್ಗೆ ನಿಲ್ಲಿಸಿ. ಪಹಣಿಯಲ್ಲಿ ರೈತನ ಹೆಸರು ಕನ್ನಡದಲ್ಲಿ ಇರುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಆಧಾರ್‌ನಲ್ಲಿ ಎರಡೂ ಇದ್ದು, ಒಂದು ಮತ್ತೊಂದಕ್ಕೆ ಹೊಂದುವುದಿಲ್ಲ. ಕೆ, ಎ, ಎಲ್, ಎ ಅಂತ ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರು ಕಲಾ ಇರಬಹುದು, ಕಾಳ ಇರಬಹುದು. ಲ ಮತ್ತು ಳ, ನ ಮತ್ತು ಣ, ತ ಮತ್ತು ಟ, ಹ್ರಸ್ವ ಮತ್ತು ದೀರ್ಘ ಎಲ್ಲ ಅಲ್ಲಿ ಕಲಸಿಹೋಗಿರುತ್ತವೆ. ಅದರ ಮೇಲೆ ಒಬ್ಬ ಆಪರೇಟರ್ ಒಂದು ಎಚ್ ಸೇರಿಸಿದರೆ ಇನ್ನೊಬ್ಬ ಬಿಟ್ಟಿರುತ್ತಾನೆ. ಹೆಸರಿನ ಕೊನೆಗೆ ‘ಪ್ಪ’, ‘ಯ್ಯ’, ‘ಗೌಡ’ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಕಂಪ್ಯೂಟರ್ ಇಬ್ಬರೂ ಬೇರೆ ಬೇರೆ ಅನ್ನುತ್ತದೆ. ಯೋಜನೆಯ ಹಣ ನಿಂತುಹೋಗುತ್ತದೆ. ಆ ರೈತ ಅಫಿಡವಿಟ್ ಮಾಡಿಸಲು ನೋಟರಿ ಹುಡುಕಿಕೊಂಡು ಓಡುತ್ತಾನೆ.

ಇದನ್ನು ಗುಮಾಸ್ತರ ತಪ್ಪು ಅಂತ ನಾವು ಬೈಯುತ್ತೇವೆ. ಇದು ಲಿಪ್ಯಂತರದ ಸಮಸ್ಯೆ. ಕನ್ನಡದ ಧ್ವನಿ ಗೊತ್ತಿರುವವರು, ಊರೂರಿನ ಹೆಸರುಗಳ ರೂಢಿ ಗೊತ್ತಿರುವವರು, ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರುವವರು ಸೇರಿದರೆ, ಯಾವ ಎರಡು ಬರಹ ಒಂದೇ ಹೆಸರು ಆಗಿರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಿ ತೋರಿಸುವ ತಂತ್ರಾಂಶ ಮಾಡಬಹುದು. ಕೊನೆಯ ತೀರ್ಮಾನ ಗ್ರಾಮ ಆಡಳಿತ ಅಧಿಕಾರಿಗಳದ್ದೇ ಇರಲಿ. ಆದರೆ ಅವರ ಮುಂದೆ ಸಾವಿರ ಹೆಸರಿನ ಬದಲು ಐವತ್ತು ಬಂದು ಕೂರುತ್ತವೆ. 2000ದ ಸುಮಾರಿಗೇ ‘ಭೂಮಿ’ ಯೋಜನೆಯಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಹಾಕಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇದು. ಹೆಸರು ಹೊಂದಿಸುವುದಕ್ಕೆ ಒಬ್ಬ ಭಾಷಾವಿಜ್ಞಾನಿಯನ್ನು ಕೇಳಬಹುದು ಅನ್ನುವ ಯೋಚನೆ ಮಾತ್ರ ಬಂದ ಹಾಗಿಲ್ಲ.

ಕಂದಾಯ ಇಲಾಖೆ ಹಳೆಯ ದಾಖಲೆಗಳನ್ನೂ ಸ್ಕ್ಯಾನ್ ಮಾಡಿಸುತ್ತಿದೆ. ಒಳ್ಳೆಯ ಕೆಲಸ. ಆದರೆ ಸ್ಕ್ಯಾನ್ ಅಂದರೆ ಫೋಟೋ. ಅದರೊಳಗಿನ ಸರ್ವೆ ನಂಬರನ್ನೋ ಹೆಸರನ್ನೋ ಹುಡುಕಬೇಕಾದರೆ ಯಂತ್ರ ಆ ಕೈಬರಹ ಓದಬೇಕು. ಬೆಳಗಾವಿ, ಧಾರವಾಡದ ಕಡೆ ಹೋದರೆ ಹಳೆಯ ಕಾಗದಗಳು ಮೋಡಿ ಅನ್ನುವ ಹಳೆಯ ಕೂಡುಬರಹದ ಲಿಪಿಯಲ್ಲೂ ಇವೆ. ಅದನ್ನು ಓದಬಲ್ಲವರು ದಿನೇ ದಿನೇ ಕಡಿಮೆ ಆಗುತ್ತಿದ್ದಾರೆ. ಅವರು ಇರುವಾಗಲೇ ಅವರಿಂದ ಓದಿಸಿ, ಯಂತ್ರಕ್ಕೆ ಕಲಿಸುವ ಮಾದರಿ ಪುಟಗಳನ್ನು ತಯಾರು ಮಾಡಬೇಕು. ಇದೂ ಉದ್ಯೋಗವೇ.

ಸಹಾಯವಾಣಿಗಳದ್ದು ಇನ್ನೊಂದು ಕಥೆ. ಮೈಸೂರಿನವರು ‘ಹೋಗ್ತೀನಿ’ ಅಂತಾರೆ, ಧಾರವಾಡದವರು ‘ಹೊಂಟೀನಿ’ ಅಂತಾರೆ, ಮಂಗಳೂರಿನವರು ‘ಹೋಗ್ತೇನೆ’ ಅಂತ ಪುಸ್ತಕದ ಹಾಗೆ ಹೇಳುತ್ತಾರೆ. ಹಳೇ ಮೈಸೂರಿನ ಎಷ್ಟೋ ಊರಿನಲ್ಲಿ ಹಾಲು ‘ಆಲು’ ಆಗುತ್ತದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ಓದಿಸಿದ ಕನ್ನಡದಿಂದ ಕಲಿತ ಯಂತ್ರಕ್ಕೆ ಕಲಬುರಗಿಯ ರೈತ ಫೋನ್ ಮಾಡಿದರೆ, ‘ದಯವಿಟ್ಟು ಮತ್ತೊಮ್ಮೆ ಹೇಳಿ’ ಅಂತ ಅವನಿಗೇ ವಾಪಸ್ ಹೇಳುತ್ತದೆ. ಅವನು ಮತ್ತೊಮ್ಮೆ ಹೇಳುವುದಿಲ್ಲ. ಫೋನ್ ಇಡುತ್ತಾನೆ.

ಈಗ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಎಐ ಬಂದಾಯ್ತು, ಅದು ತಾನೇ ಓದಿಕೊಂಡು ತಾನೇ ಕಲಿಯುತ್ತದೆ, ಇನ್ನು ವ್ಯಾಕರಣದವರು ಯಾಕೆ ಅಂತ ಕೇಳುವವರು ತುಂಬ ಜನ. ಇದು ಹೊಸ ವಾದವೇನಲ್ಲ. ಐಬಿಎಂನಲ್ಲಿ ಮಾತು ಗುರುತಿಸುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ಜೆಲಿನೆಕ್ ಅವರ ಹೆಸರಿನಲ್ಲಿ ಒಂದು ಚಟಾಕಿ ಈ ಕ್ಷೇತ್ರದಲ್ಲಿ ಬಹಳ ವರ್ಷದಿಂದ ಓಡಾಡುತ್ತಿದೆ. ತಂಡದಿಂದ ಒಬ್ಬ ಭಾಷಾವಿಜ್ಞಾನಿಯನ್ನು ತೆಗೆದಾಗಲೆಲ್ಲ ಯಂತ್ರದ ಅಂಕ ಜಾಸ್ತಿ ಆಗುತ್ತದೆ ಅನ್ನುವ ಅರ್ಥದ್ದು. ಇಂಗ್ಲಿಷಿಗೆ ಆ ಮಾತು ಒಂದು ಮಟ್ಟಿಗೆ ನಡೆಯಿತು. ಬೆಟ್ಟದಷ್ಟು ಬರಹ ಇರುವ ಭಾಷೆ ಅದು. 2011ರ ಜನಗಣತಿಯ ಪ್ರಕಾರ ಕನ್ನಡ 4.37 ಕೋಟಿ ಜನರ ತಾಯ್ನುಡಿ. ಆದರೆ ಇಂಟರ್ನೆಟ್ಟಿನಲ್ಲಿರುವ ನಮ್ಮ ಬರಹ ಆ ಸಂಖ್ಯೆಗೆ ತಕ್ಕಷ್ಟಿಲ್ಲ. ಇರುವುದರಲ್ಲೂ ಯಂತ್ರವೇ ಅನುವಾದಿಸಿದ ಅರೆಬೆಂದ ಕನ್ನಡ ದಿನೇ ದಿನೇ ಸೇರಿಕೊಳ್ಳುತ್ತಿದೆ. ಅದನ್ನೇ ಓದಿ ಕಲಿತ ಯಂತ್ರ ಇನ್ನಷ್ಟು ಅಂಥದ್ದನ್ನೇ ಬರೆಯುತ್ತದೆ. ಯಾವುದು ಕನ್ನಡ, ಯಾವುದು ಕನ್ನಡ ಲಿಪಿಯಲ್ಲಿರುವ ಇಂಗ್ಲಿಷ್ ಅಂತ ಕಾಳು ಜೊಳ್ಳು ಬೇರೆ ಮಾಡುವವರು ಮನುಷ್ಯರೇ ಆಗಬೇಕು.

ಇನ್ನೊಂದು ಲೆಕ್ಕವೂ ಇದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು 6 ಚಿಹ್ನೆ. ಜಾಸ್ತಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್, ಒಟ್ಟು 18. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಭಾಷಾ ಯಂತ್ರಗಳು ಪಠ್ಯವನ್ನು ತುಂಡು ತುಂಡಾಗಿ ಕತ್ತರಿಸಿ ನುಂಗುತ್ತವೆ, ತುಂಡಿನ ಲೆಕ್ಕದಲ್ಲಿ ಕಂಪನಿಗಳು ದುಡ್ಡು ತೆಗೆದುಕೊಳ್ಳುತ್ತವೆ. ಇಂಗ್ಲಿಷಿಗೆ ಅಂತ ಮಾಡಿದ ಕತ್ತರಿ ಕನ್ನಡ ಪದವನ್ನು ಚೂರುಚೂರು ಮಾಡಿಬಿಡುತ್ತದೆ. ಅದೇ ವಿಷಯ ಕನ್ನಡದಲ್ಲಿ ಕೇಳಿದರೆ ಖರ್ಚು ಜಾಸ್ತಿ ಬೀಳುತ್ತದೆ. ಕನ್ನಡ ಪದ ಎಲ್ಲಿ ಮುರಿಯುತ್ತದೆ, ಪ್ರತ್ಯಯ ಎಲ್ಲಿ ಅಂಟುತ್ತದೆ ಅಂತ ಗೊತ್ತಿರುವವರು ಕತ್ತರಿ ಮಾಡಿಕೊಟ್ಟರೆ ಈ ಖರ್ಚು ಇಳಿಯುತ್ತದೆ. ಕೇಶಿರಾಜ 13ನೇ ಶತಮಾನದಲ್ಲಿ ಬರೆದ ಸಂಧಿ ಸೂತ್ರಗಳನ್ನು ಅರಗಿಸಿಕೊಂಡ ಎಂಎ ವಿದ್ಯಾರ್ಥಿಗೆ, ಈ ಅಕ್ಷರದ ಮುಂದೆ ಈ ಅಕ್ಷರ ಬಂದರೆ ಇದನ್ನು ಬಿಡು ಅನ್ನುವ ನಿಯಮವನ್ನು ಕಂಪ್ಯೂಟರಿಗೆ ಬರೆಯುವುದು ಅಪರಿಚಿತ ವಿದ್ಯೆಯೇನೂ ಅಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸಬೇಕು, ಅಷ್ಟೇ. ಕನ್ನಡದಲ್ಲೇ ಕಲಿಸಬಹುದು.

ಕೆಲವು ಕೆಲಸಗಳು ಎಐ ಬಂದು ಕಡಿಮೆ ಆಗುತ್ತವೆ, ನಿಜ. ಸಾದಾ ಗುರುತು ಹಚ್ಚುವ ಕೆಲಸ ಈಗಲೇ ಇಳಿಯುತ್ತಿದೆ. ವಿದ್ಯಾರ್ಥಿಗಳಿಗೆ ಸುಳ್ಳು ಆಸೆ ತೋರಿಸಬಾರದು. ಉಳಿಯುವುದು ಪರೀಕ್ಷಿಸುವ, ತಿದ್ದುವ, ನಿಯಮ ರೂಪಿಸುವ ಕೆಲಸ. ಅದಕ್ಕೆ ಓದು ಜಾಸ್ತಿ ಬೇಕು, ಅನುಭವ ಜಾಸ್ತಿ ಬೇಕು. ಅದಕ್ಕೇ ಕಾಯಂ ಜನ ಬೇಕು ಅಂತ ಇಷ್ಟು ಬರೆಯುತ್ತಿರುವುದು.

ಈ ಓದಿಗೆ ಕರ್ನಾಟಕದಲ್ಲಿ ನೆಲೆ ಇಲ್ಲ ಅಂತ ಯಾರೂ ಹೇಳಲಾಗದು. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಿಂದ ಮೈಸೂರಿನಲ್ಲೇ ಇದೆ. ವಾಕ್ ಮತ್ತು ಶ್ರವಣ ಸಂಸ್ಥೆಯೂ ಅಲ್ಲಿಯ ಮಾನಸಗಂಗೋತ್ರಿಯಲ್ಲಿದೆ. ಮಾತು ತಡವಾಗಿ ಬರುವ ಮಕ್ಕಳಿಗೆ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಕನ್ನಡದಲ್ಲಿ ಪರೀಕ್ಷೆ ರೂಪಿಸಬೇಕಾದರೆ ಅಲ್ಲೂ ಭಾಷಾವಿಜ್ಞಾನ ಬೇಕು. ಎ.ಕೆ. ರಾಮಾನುಜನ್ ಅವರನ್ನು ನಾವು ಕವಿ, ಅನುವಾದಕ ಅಂತ ನೆನೆಯುತ್ತೇವೆ, ಅವರ ಪಿಎಚ್‌ಡಿ ಭಾಷಾವಿಜ್ಞಾನದಲ್ಲಿ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ವ್ಯಾಕರಣದ ಬಗ್ಗೆ ಎತ್ತಿದ ಪ್ರಶ್ನೆಗಳ ಮೇಲೆ ಈಗಲೂ ಜಗಳ ನಡೆಯುತ್ತದೆ. 2016ರಲ್ಲಿ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ನಡೆದದ್ದು ಮೈಸೂರಿನಲ್ಲಿ. ಬೇರೆ ಬೇರೆ ದೇಶದ ಹೈಸ್ಕೂಲು ಮಕ್ಕಳು ಬಂದು ಗೊತ್ತಿಲ್ಲದ ಭಾಷೆಗಳ ಒಗಟು ಬಿಡಿಸಿ ಹೋದರು. ಪಕ್ಕದ ಮಂಡ್ಯದ ಎಷ್ಟು ಪಿಯು ಕಾಲೇಜಿಗೆ ಅದು ಗೊತ್ತಾಯ್ತೋ!

ಇಷ್ಟಿದ್ದೂ, ಇಂಥ ಓದನ್ನು ಕಂಪ್ಯೂಟರ್ ಜೊತೆ ಸೇರಿಸಿ ಪಿಯು ಮುಗಿದ ಕೂಡಲೇ ಓದಬೇಕು ಅನ್ನುವ ನಮ್ಮ ಹುಡುಗರು ಹೈದರಾಬಾದಿನ ಐಐಐಟಿ ಕಡೆ ನೋಡುತ್ತಾರೆ. ಅಲ್ಲಿ ಬಿಟೆಕ್ ಜೊತೆಗೇ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್ ಓದುವ ದಾರಿ ಇದೆ. ತಮಿಳುನಾಡು 2001ರಲ್ಲೇ ತಮಿಳಿಗೆ ಅಂತ ವರ್ಚುವಲ್ ವಿಶ್ವವಿದ್ಯಾಲಯ ಶುರುಮಾಡಿತು, ಈಗ ಅದು ಅಕಾಡೆಮಿಯಾಗಿ ನಡೆಯುತ್ತಿದೆ. ಹೋಲಿಸಿ ಹೊಟ್ಟೆ ಉರಿಸಿಕೊಳ್ಳುವುದಕ್ಕೆ ಹೇಳುತ್ತಿಲ್ಲ. ಇದು ಆಗುವ ಕೆಲಸ ಅಂತ ತೋರಿಸಲು ಹೇಳುತ್ತಿದ್ದೇನೆ.

ಹಾಗಾದರೆ ನಾನು ಕೇಳುತ್ತಿರುವುದು ಏನು?

ಮೊದಲು, ಮಂಜೂರಾದ ಹುದ್ದೆಗಳು. ಯೋಜನೆಯಲ್ಲ, ಹುದ್ದೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರದಲ್ಲೋ ಇ-ಆಡಳಿತ ಇಲಾಖೆಯಲ್ಲೋ ಒಂದು ಭಾಷಾ ತಂತ್ರಜ್ಞಾನ ಘಟಕ ಮಾಡಿ. ನೂರಾರು ಜನ ಬೇಡ, ಇಪ್ಪತ್ತು ಮೂವತ್ತು ಜನ ಸಾಕು. ಭಾಷಾವಿಜ್ಞಾನಿಗಳು, ನಿಘಂಟುಕಾರರು, ಪ್ರೋಗ್ರಾಮರ್‌ಗಳು ಒಂದೇ ಕೋಣೆಯಲ್ಲಿ ಕೂರಲಿ. ಅವರಿಗೆ ವೃಂದ ಮತ್ತು ನೇಮಕಾತಿ ನಿಯಮ ಇರಲಿ, ಬಡ್ತಿ ಇರಲಿ. ಯಾವ ಇಲಾಖೆ ಕನ್ನಡದ ತಂತ್ರಾಂಶ ಕೊಳ್ಳುವ ಮುಂಚೆಯೂ ಈ ಘಟಕ ಅದನ್ನು ಪರೀಕ್ಷಿಸಿ ಸಹಿ ಹಾಕಲಿ. ಕಂಪನಿಗೆ ಪತ್ರ ಬರೆಯಬೇಕಾಗಿ ಬಂದರೆ, ಇಂಥ ವಾಕ್ಯರಚನೆಯಲ್ಲಿ ನಿಮ್ಮ ಯಂತ್ರ ಎಡವುತ್ತಿದೆ, ಇಗೋ ಉದಾಹರಣೆ ಅಂತ ಪಟ್ಟಿ ಸಮೇತ ಬರೆಯುವವರು ಇವರೇ ಆಗಲಿ.

ವಿದ್ಯಾರ್ಹತೆಯ ಕಾಲಂ ಸರಿಮಾಡಿ. ಈಗ ಭಾಷಾ ತಂತ್ರಜ್ಞಾನದ ಕರೆಗಳಲ್ಲಿ ಸಾಮಾನ್ಯವಾಗಿ ಬಿಇ ಅಥವಾ ಎಂಸಿಎ ಅಂತ ಇರುತ್ತದೆ, ಇಲ್ಲವಾದರೆ ಬರೀ ಕನ್ನಡ ಎಂಎ ಅಂತ. ಮೊದಲನೆಯದರಲ್ಲಿ ಭಾಷೆ ಗೊತ್ತಿರುವವರು ಹೊರಗೆ, ಎರಡನೆಯದರಲ್ಲಿ ಯಂತ್ರ ಗೊತ್ತಿರುವವರು ಹೊರಗೆ. ಎರಡನ್ನೂ ಕಲಿತವರಿಗೆ ಎರಡೂ ಕಡೆ ಬಾಗಿಲು ಹಾಕಿದೆ. ಇದನ್ನು ಸರಿಮಾಡಲು ದುಡ್ಡು ಬೇಡ, ಒಂದು ತಿದ್ದುಪಡಿ ಸಾಕು.

ಕರೆಗಳು ಕನ್ನಡದಲ್ಲೂ ಬರಲಿ, ಒಂದೇ ಕಡೆ ಸಿಗಲಿ. ಸಂಬಳ ಎಷ್ಟು, ಗುತ್ತಿಗೆ ಎಷ್ಟು ತಿಂಗಳು ಅಂತ ಮೊದಲೇ ಬರೆಯಲಿ. ಸಾರ್ವಜನಿಕರ ದುಡ್ಡಿನಲ್ಲಿ ತಯಾರಾದ ದತ್ತಾಂಶ ಎಲ್ಲರಿಗೂ ತೆರೆದಿರಲಿ. ಅದರ ಜೊತೆ ನಿಯಮಗಳ ಕಡತವೂ, ದುಡಿದವರ ಹೆಸರೂ ಇರಲಿ.

ವಿಶ್ವವಿದ್ಯಾಲಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಉನ್ನತ ಶಿಕ್ಷಣ ಸಚಿವರಿಗೆ ಪರಿಸ್ಥಿತಿ ಗೊತ್ತಿದೆ. ಹೊಸ ವಿಶ್ವವಿದ್ಯಾಲಯ ಬೇಡ, ಹೊಸ ಕಟ್ಟಡವೂ ಬೇಡ. ಕನ್ನಡ ವಿಭಾಗ ಮತ್ತು ಕಂಪ್ಯೂಟರ್ ವಿಭಾಗ ಸೇರಿ ಒಂದು ವರ್ಷದ ಡಿಪ್ಲೊಮಾ ಶುರುಮಾಡಲಿ, ಎರಡು ಮೂರು ಕಡೆ ಸಾಕು. ಆದರೆ ಹುದ್ದೆ ಮೊದಲು ಬರಲಿ, ಕೋರ್ಸ್ ಆಮೇಲೆ. ಕೆಲಸ ಇಲ್ಲದ ಕೋರ್ಸಿಗೆ ಹುಡುಗರನ್ನು ಸೇರಿಸಿ ಆಮೇಲೆ ಅತಿಥಿ ಉಪನ್ಯಾಸಕರ ಸಾಲಿಗೆ ಕಳಿಸುವುದು ಬೇಡ. ಆ ಸಾಲು ಈಗಾಗಲೇ ಉದ್ದ ಇದೆ.

ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆಗೆ ಈ ರಾಜ್ಯದಲ್ಲಿ ಅಕಾಡೆಮಿಗಳಿವೆ. ಕನ್ನಡಕ್ಕೆ ಹೇಳಿದ್ದೆಲ್ಲ ಇವಕ್ಕೂ ಅನ್ವಯಿಸುತ್ತದೆ. ಕೊರಗರ, ಸೋಲಿಗರ ಮಾತಿಗೆ ಇನ್ನೂ ಜಾಸ್ತಿ. ಅಲ್ಲಿ ಕಾಯುವುದಕ್ಕೆ ಸಮಯ ಇಲ್ಲ. ಗೂಗಲ್ ಅನುವಾದಕ್ಕೆ 2024ರಲ್ಲಿ ತುಳು ಸೇರಿತು ಅಂತ ಎಲ್ಲರೂ ಖುಷಿಪಟ್ಟೆವು. ಅದು ತಪ್ಪು ತುಳು ಬರೆದಾಗ ತಿದ್ದಿ ಹೇಳಲು ಸಂಬಳ ಪಡೆಯುವ ಒಬ್ಬ ತುಳುವನಾದರೂ ಸರ್ಕಾರದ ಕಡೆಯಿಂದ ಇರಬೇಕಲ್ವಾ?

2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಕನ್ನಡಿಗರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಗಲಾಟೆ ಆದ ಮೇಲೆ ತಡೆಹಿಡಿದದ್ದು ಗೊತ್ತೇ ಇದೆ. ಆ ವಾದದಲ್ಲಿ ನಾನು ಇಲ್ಲಿ ಇಳಿಯುವುದಿಲ್ಲ. ಕನ್ನಡ ಬಾರದೆ ಮಾಡಲಾಗದ ಕೆಲಸಗಳೂ ಇವೆ ಅಂತಷ್ಟೇ ಹೇಳುತ್ತೇನೆ. ಅವಕ್ಕೆ ಮೀಸಲಾತಿ ಬೇಡ, ಕೋರ್ಟಿನ ಭಯವೂ ಇಲ್ಲ. ಆ ಕೆಲಸಗಳನ್ನು ಹುಟ್ಟಿಸುವುದು ಮತ್ತು ಮರ್ಯಾದೆಯಿಂದ ನಡೆಸುವುದು ಪೂರ್ತಿ ನಿಮ್ಮ ಕೈಯಲ್ಲೇ ಇದೆ.

ಮುಂದಿನ ಬಜೆಟ್ ತಯಾರಿ ಶುರುವಾಗುವ ಮುಂಚೆ ನಿಮ್ಮ ಮೂವರ ಕಾರ್ಯದರ್ಶಿಗಳು ಒಂದು ಸಭೆ ಕರೆಯಲಿ. ಗುತ್ತಿಗೆಯಲ್ಲಿ ಈ ಕೆಲಸ ಮಾಡಿದವರನ್ನೂ ಅಲ್ಲಿಗೆ ಕರೆಯಿರಿ. ಹುದ್ದೆಗೆ ಏನು ಹೆಸರಿಡಬೇಕು, ವಿದ್ಯಾರ್ಹತೆಯಲ್ಲಿ ಏನು ಬರೆಯಬೇಕು, ಪರೀಕ್ಷೆಯಲ್ಲಿ ಏನು ಕೇಳಬೇಕು ಅನ್ನುವ ಕರಡನ್ನು ನಾವೇ ಬರೆದು ತರುತ್ತೇವೆ. ಪ್ರಯಾಣ ಭತ್ಯೆ ಕೊಡದಿದ್ದರೂ ಬರುತ್ತೇವೆ, ಅದು ನಮಗೆ ರೂಢಿಯಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಭಾಷಾವಿಜ್ಞಾನ ಓದಿ ಗುತ್ತಿಗೆ ಕೆಲಸದಲ್ಲಿರುವ ಒಬ್ಬ ಕನ್ನಡತಿ,
ಬೆಂಗಳೂರು.